ತಾಲ್ಲೂಕು ಆಸ್ಪತ್ರೆ ಇನ್‌ಚಾರ್ಜ್ ನೀವಾಗಿದ್ರೆ: ಕಷ್ಟಕಾಲದಲ್ಲಿ ಟೀಮ್ ಕುಸಿಯದ ಹಾಗೆ ನಡೆಸೋದು ಹೇಗೆ

ಇದು ದೊಡ್ಡ ಕಾರ್ಪೊರೇಟ್ ಆಸ್ಪತ್ರೆ ಮ್ಯಾನೇಜರ್‌ಗಳಿಗೆ ಬರ್ದಿದ್ದಲ್ಲ. ತಾಲ್ಲೂಕು ಆಸ್ಪತ್ರೆಲೋ ಸಮುದಾಯ ಆರೋಗ್ಯ ಕೇಂದ್ರದಲ್ಲೋ ಪಿಹೆಚ್‌ಸಿ ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಮ್ಮ ಪಾಡಿಗೆ ಕೆಲಸ ಮಾಡ್ಕೊಂಡಿದ್ದು, ಒಂದಿನ ಇದ್ದಕ್ಕಿದ್ದ ಹಾಗೆ "ಇನ್ಮೇಲೆ ನೀವೇ ನೋಡ್ಕೊಳ್ಳಿ" ಅಂತ ಮೇಲಿಂದ ಫೋನ್ ಬಂದು ಇನ್‌ಚಾರ್ಜ್ ಆಗಿಬಿಡೋ ಡಾಕ್ಟರು, ಹಿರಿಯ ಸಿಸ್ಟರು, ಫಾರ್ಮಸಿಸ್ಟು, ಇವ್ರಿಗೆ. ಕೋವಿಡ್ ಮುಗೀತಲ್ಲ ಈಗ್ಯಾಕೆ ಅಂತ ಕೇಳ್ಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಡೆಂಗ್ಯೂನ ನಮ್ಮ ಸರ್ಕಾರನೇ ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸ್ತು, ಮಲೆನಾಡು ಕಡೆ ಬೇಸಿಗೆ ಬಂತು ಅಂದ್ರೆ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ, ಅದೇನೂ ಇಲ್ದಿದ್ರೂ ಹೈವೇಲಿ ಒಂದು ಬಸ್ ಉರುಳಿದ್ರೆ ಸಾಕು, ಅರ್ಧ ಗಂಟೇಲಿ ಕ್ಯಾಶುವಾಲ್ಟಿ ತುಂಬಿಹೋಗುತ್ತೆ.

ನಾನು ನರ್ಸಿಂಗ್ ಕಡೆಯವಳು. 2021ರ ಏಪ್ರಿಲ್-ಮೇ ಹೊತ್ತಲ್ಲಿ ಒಂದು ತಾಲ್ಲೂಕು ಆಸ್ಪತ್ರೆಯ ಕೋವಿಡ್ ವಾರ್ಡ್‌ಗೆ ಡ್ಯೂಟಿ ಲಿಸ್ಟ್ ಬರೀತಿದ್ದೆ, ಹಾಗಾಗಿ ನನ್ನ ಮಾತು ಡ್ಯೂಟಿ ಲಿಸ್ಟ್ ಕಡೆಗೇ ಸ್ವಲ್ಪ ಜಾಸ್ತಿ ವಾಲುತ್ತೆ, ಮೊದ್ಲೇ ಹೇಳಿಬಿಡ್ತೀನಿ. ಲೀಡರ್‌ಶಿಪ್ ಅಂದ ತಕ್ಷಣ ನಮ್ಮಲ್ಲಿ ಟ್ರೈನಿಂಗ್ ಕೊಡೋರು ಧೈರ್ಯ, ಸ್ಫೂರ್ತಿ, ಪಾಸಿಟಿವ್ ಥಿಂಕಿಂಗ್ ಅಂತ ಶುರು ಮಾಡ್ತಾರೆ. ಅದರಿಂದ ಯಾರ ಹೊಟ್ಟೆನೂ ತುಂಬಲ್ಲ. ಎರಡು ರಾತ್ರಿ ನಿದ್ದೆ ಇಲ್ದೆ ನಿಂತಿರೋ ಸಿಸ್ಟರ್‌ಗೆ ನೀವು ಎಷ್ಟೇ ಚೆನ್ನಾಗಿ ಭಾಷಣ ಮಾಡಿ, ಆಕೆ ಇಂಜೆಕ್ಷನ್ ಡೋಸ್ ತಪ್ಪೋದು ತಪ್ಪೋದೇ. ಟೀಮ್ ಗಟ್ಟಿಯಾಗಿರೋದು ಜನರ ಎದೆಗಾರಿಕೆ ಮೇಲೆ ಅಲ್ಲ, ರೋಸ್ಟರ್ ಮೇಲೆ, ಸ್ಟಾಕ್ ಲೆಕ್ಕದ ಮೇಲೆ, ಯಾರ ಮಾತು ಕೊನೇ ಮಾತು ಅನ್ನೋದು ಎಲ್ಲರಿಗೂ ಗೊತ್ತಿರೋದ್ರ ಮೇಲೆ. ಕೆಳಗಿರೋ ಹೆಜ್ಜೆಗಳೆಲ್ಲಾ ಅದಕ್ಕೇ ಸಂಬಂಧಪಟ್ಟಿದ್ದು.

ಹೆಜ್ಜೆ 1: ಯಾರು ಏನು ಅಂತ ಬರೆದು ಗೋಡೆಗೆ ಅಂಟಿಸಿ

ಮೊದಲ ದಿನನೇ ಮಾಡ್ಬೇಕಾದ ಕೆಲಸ ಇದು, ಎರಡನೇ ದಿನಕ್ಕೆ ಬಿಟ್ರೆ ಆಮೇಲೆ ಟೈಮೇ ಸಿಗಲ್ಲ. ಒಂದು ಚಾರ್ಟ್ ಪೇಪರ್ ತಗೊಳ್ಳಿ. ಮೇಲೆ ಒಬ್ಬರ ಹೆಸರು, ಕೊನೇ ತೀರ್ಮಾನ ಅವ್ರದ್ದು. ಅವ್ರ ಕೆಳಗೆ ಐದಾರು ಕೆಲಸ: ವಾರ್ಡ್ ಮತ್ತು ಬೆಡ್, ಆಕ್ಸಿಜನ್ ಮತ್ತು ಔಷಧಿ ಸ್ಟಾಕ್, ಡ್ಯೂಟಿ ಲಿಸ್ಟ್, ರೋಗಿ ಕಡೆಯವ್ರ ಜೊತೆ ಮಾತು, ಕ್ಲೀನಿಂಗ್ ಮತ್ತು ಬಾಡಿ ಶಿಫ್ಟ್, ಹೊರಗಿನ ಸಂಪರ್ಕ ಅಂದ್ರೆ ಡಿಹೆಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸು, ತಹಶೀಲ್ದಾರ್, ಪೊಲೀಸ್, 108. ಒಬ್ಬರ ಕೈಕೆಳಗೆ ಐದಾರು ಜನಕ್ಕಿಂತ ಜಾಸ್ತಿ ನೇರವಾಗಿ ರಿಪೋರ್ಟ್ ಮಾಡೋ ಹಾಗೆ ಇಟ್ಕೋಬೇಡಿ. ಕಾಡ್ಗಿಚ್ಚು ಆರಿಸೋಕೆ ಅಂತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಹುಟ್ಟಿದ ಪದ್ಧತಿ ಇದು, ಆಮೇಲೆ ಆಸ್ಪತ್ರೆಗಳೂ ಎತ್ಕೊಂಡ್ವು, ಯಾಕಂದ್ರೆ ಗಲಾಟೆ ಮಧ್ಯೆ ಒಬ್ಬ ಮನುಷ್ಯನ ತಲೆಗೆ ಹಿಡಿಸೋದೇ ಅಷ್ಟು.

ಪ್ರತಿ ಹೆಸರಿನ ಪಕ್ಕ ಇನ್ನೊಂದು ಹೆಸರು ಇರ್ಲೇಬೇಕು. ಇನ್‌ಚಾರ್ಜ್ ಡಾಕ್ಟರಿಗೇ ಜ್ವರ ಬಂದು ಮಲಗಿದ್ರೆ ಯಾರು? ಸ್ಟಾಕ್ ರೂಮ್ ಕೀ ಯಾರ ಹತ್ರ ಇನ್ನೊಂದಿದೆ? ಇದನ್ನ ಕೇಳಿದ್ರೆ ಕೆಲವರಿಗೆ ಕೋಪ ಬರುತ್ತೆ, "ನನ್ನ ಮೇಲೆ ನಂಬಿಕೆ ಇಲ್ವಾ" ಅಂತಾರೆ. ನಂಬಿಕೆ ಪ್ರಶ್ನೆ ಅಲ್ಲ ಸರ್, ವೈರಸ್ಸು ಹುದ್ದೆ ನೋಡಿ ಬರಲ್ಲ ಅಷ್ಟೆ.

ಇನ್ನೊಂದು ವಿಷಯ, ಚಾರ್ಟ್‌ನಲ್ಲಿ ಗ್ರೂಪ್ ಡಿ ಸಿಬ್ಬಂದಿ ಹೆಸರು ಹೆಸರಾಗೇ ಬರೀರಿ. "ಗ್ರೂಪ್ ಡಿ - 4" ಅಂತ ಬರೀಬೇಡಿ. ರಾತ್ರಿ ಎರಡು ಗಂಟೆಗೆ ಸಿಲಿಂಡರ್ ಬದಲಾಯ್ಸೋರು ಅವ್ರೇ, ಅವ್ರ ಹೆಸರೇ ಗೋಡೆ ಮೇಲಿಲ್ಲ ಅಂದ್ರೆ ಕರೆಯೋದು ಯಾರನ್ನ.

ಹೆಜ್ಜೆ 2: ದಿನಕ್ಕೆ ಮೂರು ಸಲ, ಹತ್ತು ನಿಮಿಷ, ನಿಂತ್ಕೊಂಡೇ ಮೀಟಿಂಗ್

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಶಿಫ್ಟ್ ಬದಲಾಗೋದು ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8. ಆ ಮೂರು ಹೊತ್ತಲ್ಲೂ ಹೋಗೋ ಶಿಫ್ಟು, ಬರೋ ಶಿಫ್ಟು ಇಬ್ಬರೂ ಸೇರಿ ಹತ್ತು ನಿಮಿಷ ನಿಂತು ಮಾತಾಡ್ಬೇಕು. ಕುರ್ಚಿ ಹಾಕಿದ್ರೆ ಅರ್ಧ ಗಂಟೆ ಆಗುತ್ತೆ, ಟೀ ಬಿಸ್ಕೆಟ್ ಬಂದ್ರೆ ಒಂದು ಗಂಟೆ, ಹಾಗಾಗಿ ಕುರ್ಚಿ ಬೇಡ.

ಕೇಳೋದು ನಾಲ್ಕೇ ಪ್ರಶ್ನೆ. ಯಾವ ರೋಗಿ ಇವತ್ತು ಕೈಕೊಡೋ ಹಾಗಿದಾರೆ? ಏನು ಖಾಲಿ ಆಗ್ತಿದೆ? ಹೊಸ ಆರ್ಡರ್ ಏನಾದ್ರೂ ಬಂದಿದ್ಯಾ? ನಮ್ಮಲ್ಲಿ ಯಾರಿಗೆ ಆಗ್ತಿಲ್ಲ? ನಾಲ್ಕನೇದನ್ನ ಜನ ಮರೆತುಬಿಡ್ತಾರೆ, ಅಥವಾ ಕೇಳೋಕೆ ಮುಜುಗರ ಪಡ್ತಾರೆ. ಕೇಳಿ.

ಮಾತು ಶುರು ಮಾಡೋ ಕ್ರಮ ಬಹಳ ಮುಖ್ಯ. ಡಾಕ್ಟರು ಮೊದಲು ಬಾಯಿ ಬಿಟ್ರೆ ಮುಗೀತು, ಉಳಿದವ್ರೆಲ್ಲಾ "ಹೌದು ಸರ್" ಅಂತಾರೆ. ಮೊದಲು ಕ್ಲೀನಿಂಗ್‌ನವ್ರು, ಆಮೇಲೆ ಲ್ಯಾಬ್, ಫಾರ್ಮಸಿ, ಆಮೇಲೆ ಸಿಸ್ಟರ್‌ಗಳು, ಕೊನೇಲಿ ಡಾಕ್ಟರು. ನಮ್ಮಲ್ಲಿ ಒಂದು ಬೆಳಿಗ್ಗೆ ಕ್ಲೀನಿಂಗ್ ಮಾಡೋ ಅಕ್ಕ, "ಮೂಲೆ ಬೆಡ್ ಅಜ್ಜ ನಿನ್ನೆಯಿಂದ ಊಟದ ತಟ್ಟೆ ಮುಟ್ಟಿಲ್ಲ ಮೇಡಂ, ಹಂಗೇ ತೆಗ್ದು ಹಾಕ್ತಿದೀನಿ" ಅಂದ್ರು. ಕೇಸ್‌ಶೀಟ್‌ನಲ್ಲಿ ಆ ಅಜ್ಜನ ಸ್ಯಾಚುರೇಷನ್, ಬಿಪಿ ಎಲ್ಲಾ ನೀಟಾಗಿತ್ತು, ಊಟ ಬಿಟ್ಟಿದ್ದು ಮಾತ್ರ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಶುಗರ್ ಇರೋ ಮನುಷ್ಯ, ಮಾತ್ರೆ ಮಾತ್ರ ಟೈಮಿಗೆ ಸರಿಯಾಗಿ ಹೋಗ್ತಿತ್ತು, ಊಟ ಇಲ್ದೆ ಮಾತ್ರೆ ಹೋದ್ರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿದುಬಿಡಬಹುದು. ಆವತ್ತು ಡಾಕ್ಟರ್ ಮೊದಲು ಮಾತಾಡಿದ್ದಿದ್ರೆ ಆ ಅಕ್ಕ ಬಾಯೇ ಬಿಡ್ತಿರ್ಲಿಲ್ಲ.

ವಾಟ್ಸಾಪ್ ಬಗ್ಗೆ ಎರಡು ಮಾತು. 2020-21ರಲ್ಲಿ ಸರ್ಕ್ಯುಲರ್‌ಗಳು ಬರ್ತಿದ್ದ ಸ್ಪೀಡ್ ನೆನಪಿರೋರಿಗೆ ಗೊತ್ತಿರುತ್ತೆ, ಡಿಸ್ಚಾರ್ಜ್ ನಿಯಮ ಒಂದು ವಾರ ಹೀಗಿದ್ರೆ ಮುಂದಿನ ವಾರ ಹಾಗೆ, ಎಲ್ಲರೂ ಎಲ್ಲಾ ಗ್ರೂಪಿಗೂ ಫಾರ್ವರ್ಡ್ ಮಾಡೋದು, ಯಾವುದು ಹಳೇದು ಯಾವುದು ಹೊಸದು ಅಂತ ದೇವರಿಗೇ ಗೊತ್ತು. ಆರ್ಡರ್‌ಗೆ ಅಂತಲೇ ಒಂದು ಗ್ರೂಪ್ ಮಾಡಿ, ಅಡ್ಮಿನ್ ಮಾತ್ರ ಹಾಕೋ ಹಾಗೆ ಸೆಟ್ ಮಾಡಿ. ಪಿಡಿಎಫ್ ಹಾಕೋಕೆ ಮುಂಚೆ ಒಬ್ಬರು ಓದಿ, "ಇವತ್ತಿಂದ ಬದಲಾಗಿರೋದು ಇಷ್ಟು" ಅಂತ ಎರಡು ಸಾಲು ಕನ್ನಡದಲ್ಲಿ ಬರೆದು, ತಾರೀಖು ಹಾಕಿ, ಆಮೇಲೆ ಹಾಕ್ಲಿ. ಗುಡ್ ಮಾರ್ನಿಂಗ್ ಹೂವು, ಕಷಾಯದ ವಿಡಿಯೋ ಎಲ್ಲಾ ಬೇರೆ ಗ್ರೂಪಲ್ಲಿ, ಅದನ್ನ ನಿಲ್ಲಿಸೋಕೆ ನಮ್ಮ ಕೈಲಿ ಆಗಲ್ಲ.

ಹೆಜ್ಜೆ 3: ಖಾಲಿ ಆಗೋ ವಸ್ತುವಿನ ಲೆಕ್ಕ ಬೋರ್ಡ್ ಮೇಲೆ, ಗಂಟೆ ಲೆಕ್ಕದಲ್ಲಿ

ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ಇಲ್ಲಿ ಎಡವಿದ್ರೆ ಮಿಕ್ಕಿದ್ದೆಲ್ಲಾ ಇದ್ದೂ ಪ್ರಯೋಜನ ಇಲ್ಲ. 2021ರ ಮೇ 2ರ ರಾತ್ರಿ, 3ರ ಬೆಳಗಿನ ಜಾವ ಚಾಮರಾಜನಗರದಲ್ಲಿ ಏನಾಯ್ತು ಅಂತ ಕರ್ನಾಟಕದಲ್ಲಿ ಆರೋಗ್ಯ ಇಲಾಖೆಲಿ ಇರೋ ಯಾರಿಗೂ ಮರೆಯೋಕಾಗಲ್ಲ. ಆಕ್ಸಿಜನ್ ಮೈಸೂರಿಂದ ಬರ್ಬೇಕಿತ್ತು, ಬರೋದು ತಡ ಆಯ್ತು, ಒಂದು ದಿನದೊಳಗೆ 24 ರೋಗಿಗಳು ಹೋದ್ರು ಅಂತ ಆವಾಗ ಸರ್ಕಾರ ಕೊಟ್ಟ ಲೆಕ್ಕ. ತಪ್ಪು ಯಾರದ್ದು ಅಂತ ತನಿಖೆ, ಕೋರ್ಟು ಎಲ್ಲಾ ಆಯ್ತು, ಅದು ಇಲ್ಲಿ ಬೇಡ. ಇನ್‌ಚಾರ್ಜ್ ಆದವ್ರು ಅದರಿಂದ ತಗೋಬೇಕಾದ್ದು ಒಂದು: "ಎಷ್ಟು ಸಿಲಿಂಡರ್ ಇದೆ" ಅನ್ನೋದು ತಪ್ಪು ಪ್ರಶ್ನೆ, "ಎಷ್ಟು ಗಂಟೆಗೆ ಆಗುತ್ತೆ" ಅನ್ನೋದು ಸರಿಯಾದ ಪ್ರಶ್ನೆ.

ಲೆಕ್ಕ ಸುಲಭ. ಜಂಬೋ ಸಿಲಿಂಡರ್, ಅಂದ್ರೆ ಡಿ ಟೈಪ್, ತುಂಬಿದ್ರೆ ಸುಮಾರು 7,000 ಲೀಟರ್ ಗ್ಯಾಸ್. ಒಬ್ಬ ರೋಗಿಗೆ ನಿಮಿಷಕ್ಕೆ 10 ಲೀಟರ್ ಹೋಗ್ತಿದ್ರೆ 700 ನಿಮಿಷ, ಹನ್ನೊಂದೂವರೆ ಗಂಟೆ ಚಿಲ್ಲರೆ. ಐದು ಜನಕ್ಕೆ ಹತ್ತತ್ತು ಲೀಟರ್ ಅಂದ್ರೆ ನಿಮಿಷಕ್ಕೆ 50, ಒಂದು ಜಂಬೋ 2 ಗಂಟೆ 20 ನಿಮಿಷಕ್ಕೆ ಖಾಲಿ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ 36,000 ಲೀಟರ್, ಐದು ಸಿಲಿಂಡರ್ ಸಾಲಲ್ಲ, ಆರು ಬೇಕು, ಲೀಕೇಜು, ಮಧ್ಯರಾತ್ರಿ ಬರೋ ಹೊಸ ಕೇಸು ಅಂತ ಇನ್ನೆರಡು. ಮೂಗಿಗೆ ಜೋರಾಗಿ ಆಕ್ಸಿಜನ್ ಬಿಡೋ ಹೈ ಫ್ಲೋ ಮೆಷಿನ್ ನಿಮಿಷಕ್ಕೆ 60 ಲೀಟರ್‌ನಲ್ಲಿ ಓಡಿಸಿದ್ರೆ ಒಬ್ಬರಿಗೇ ಒಂದು ಜಂಬೋ ಎರಡು ಗಂಟೆನೂ ಬರಲ್ಲ, ಆ ಮೆಷಿನ್ ದಾನ ಕೊಡೋಕೆ ಯಾರಾದ್ರೂ ಬಂದಾಗ ಫೋಟೋಗೆ ನಿಲ್ಲೋ ಮುಂಚೆ ಈ ಲೆಕ್ಕ ಹಾಕಿ. ಅರ್ಧ ಬಳಸಿದ ಸಿಲಿಂಡರ್ ಆದ್ರೆ ಗೇಜ್ ನೋಡಿ, ತುಂಬಿದ್ದಾಗ 150ರ ಆಸುಪಾಸು ತೋರ್ಸುತ್ತೆ, 50 ತೋರಿಸ್ತಿದ್ರೆ ಮೂರನೇ ಒಂದು ಭಾಗ ಉಳಿದಿದೆ ಅಂತ.

ಆಂಬುಲೆನ್ಸ್‌ಗೂ ಇದೇ. ಅದ್ರಲ್ಲಿ ಇಡೋ ಬಿ ಟೈಪ್ ಸಿಲಿಂಡರ್ ಸುಮಾರು 1,500 ಲೀಟರ್, 10 ಲೀಟರ್ ಫ್ಲೋಗೆ ಎರಡೂವರೆ ಗಂಟೆ. ಜಿಲ್ಲಾಸ್ಪತ್ರೆ ಒಂದೂವರೆ ಗಂಟೆ ದಾರಿ ಅಂದ್ಕೊಳ್ಳಿ, ಅಲ್ಲಿ ಗೇಟಲ್ಲಿ ಬೆಡ್‌ಗೆ ಅಂತ ಕಾಯೋದು ಎಷ್ಟೊತ್ತು? ಸೆಕೆಂಡ್ ವೇವ್‌ನಲ್ಲಿ ರೋಗಿ ಆಂಬುಲೆನ್ಸ್‌ನಲ್ಲೇ ಗಂಟೆಗಟ್ಲೆ ಕಾದಿದ್ದಿದೆ. ಹಾಗಾಗಿ ರೆಫರ್ ಮಾಡೋ ಮುಂಚೆ ಅಲ್ಲಿಗೆ ಫೋನ್, ಬೆಡ್ ಇದೆ ಅಂದವ್ರ ಹೆಸರು, ಟೈಮ್ ಕೇಸ್‌ಶೀಟ್‌ನಲ್ಲಿ.

ಬೋರ್ಡ್‌ನಲ್ಲಿ ಎರಡು ಗೆರೆ ಇರ್ಲಿ. ಮೊದಲ ಗೆರೆ ಮುಟ್ಟಿದ್ರೆ ಸಪ್ಲೈಯರ್‌ಗೆ ಫೋನ್. ಎರಡನೇದು ಮುಟ್ಟಿದ್ರೆ ಯಾರ ಪರ್ಮಿಷನ್ನೂ ಕಾಯ್ದೆ ಡಿಹೆಚ್‌ಒ ಮತ್ತು ಜಿಲ್ಲಾಡಳಿತಕ್ಕೆ. ಗೆರೆ ಎಲ್ಲಿ ಎಳೀಬೇಕು ಅನ್ನೋದು ನಿಮಗೆ ಗಾಡಿ ಬರೋಕೆ ಎಷ್ಟು ಹೊತ್ತು ಬೇಕು ಅನ್ನೋದ್ರ ಮೇಲಿದೆ. ಆರು ಗಂಟೆ ದಾರಿ ಇದ್ರೆ ಹನ್ನೆರಡು ಗಂಟೆ ಸ್ಟಾಕ್ ಇರುವಾಗ್ಲೇ ಫೋನ್ ಹೋಗ್ಬೇಕು. ಮೇಲಿನವ್ರಿಗೆ ಬರೀ ಫೋನಲ್ಲಿ "ಸ್ವಲ್ಪ ಕಮ್ಮಿ ಇದೆ ಸರ್, ನೋಡಿ" ಅಂದ್ರೆ ಸಾಲದು. ಮೆಸೇಜ್ ಹೀಗಿರ್ಲಿ: "ಈಗ ಸಮಯ ಸಂಜೆ 4:10. ಆಕ್ಸಿಜನ್ ರೋಗಿಗಳು 14. ಸ್ಟಾಕ್ ರಾತ್ರಿ 1 ಗಂಟೆವರೆಗೆ ಮಾತ್ರ. 11 ಗಂಟೆಯೊಳಗೆ 12 ಸಿಲಿಂಡರ್ ಬೇಕು. ಬರೋದು ಖಚಿತ ಆಗದಿದ್ರೆ 6 ರೋಗಿಗಳನ್ನ 9 ಗಂಟೆಗೆ ಶಿಫ್ಟ್ ಮಾಡ್ಬೇಕಾಗುತ್ತೆ, ಎಲ್ಲಿಗೆ ಅಂತ ತಿಳಿಸಿ." ಹೀಗೆ ಬರೆದ್ರೆ ಓದಿದವ್ರು ಸುಮ್ನೆ ಕೂರೋಕಾಗಲ್ಲ. ಕೆಟ್ಟ ಸುದ್ದಿ ಮೇಲಕ್ಕೆ ಬೇಗ ಕಳ್ಸೋದು ನಮ್ಮ ಇಲಾಖೆ ಅಭ್ಯಾಸದಲ್ಲೇ ಇಲ್ಲ, ಬೈಸ್ಕೋತೀವಿ ಅಂತ ಭಯ. ಬೈಸ್ಕೊಳ್ಳಿ ಪರವಾಗಿಲ್ಲ.

ಡೆಂಗ್ಯೂ ಸೀಸನ್‌ನಲ್ಲಿ ಆಕ್ಸಿಜನ್ ಜಾಗದಲ್ಲಿ ಐವಿ ಫ್ಲೂಯಿಡ್, ಟೆಸ್ಟ್ ಕಿಟ್, ಪ್ಲೇಟ್ಲೆಟ್ ಎಲ್ಲಿ ಸಿಗುತ್ತೆ ಅನ್ನೋ ಬ್ಲಡ್ ಬ್ಯಾಂಕ್ ಲಿಸ್ಟ್ ಬರುತ್ತೆ, ಬೋರ್ಡ್ ಅದೇ.

ಹೆಜ್ಜೆ 4: ನಿದ್ದೆ, ಊಟ, ಟಾಯ್ಲೆಟ್

ನಗ್ಬೇಡಿ, ಲೀಡರ್‌ಶಿಪ್‌ನ ಮುಕ್ಕಾಲು ಪಾಲು ಇಲ್ಲೇ ಇದೆ. ಪಿಪಿಇ ಹಾಕ್ಕೊಂಡು ಮೇ ತಿಂಗಳ ಸೆಕೆಲಿ ಫ್ಯಾನ್ ಇಲ್ಲದ ವಾರ್ಡ್‌ನಲ್ಲಿ ಆರು ಗಂಟೆ ನಿಂತವ್ರಿಗೆ ಗೊತ್ತು, ಒಳಗೆ ಬೆವರು ಕಾಲಿಂದ ಇಳಿದು ಶೂ ಕವರ್‌ನಲ್ಲಿ ನಿಲ್ಲುತ್ತೆ, ಕನ್ನಡಕ ಮಬ್ಬಾಗಿ ಸೂಜಿ ಚುಚ್ಚೋ ವೇನ್ ಕಾಣ್ಸಲ್ಲ, ಟಾಯ್ಲೆಟ್‌ಗೆ ಹೋಗ್ಬೇಕಾಗುತ್ತೆ ಅಂತ ಬೆಳಿಗ್ಗೆಯಿಂದ ನೀರೇ ಕುಡೀದೆ ಬರ್ತಾರೆ. ಮುಟ್ಟಿನ ದಿನಗಳಲ್ಲಿ ಇನ್ನೂ ಕಷ್ಟ, ಅದನ್ನ ಗಂಡಸು ಇನ್‌ಚಾರ್ಜ್ ಹತ್ರ ಹೇಳಲ್ಲ ಯಾರೂ. ಅದಕ್ಕೇ ಪಿಪಿಇ ಒಳಗಿನ ಹೊತ್ತು ನಾಲ್ಕು ಗಂಟೆಗೆ ಇಳಿಸೋಕಾದ್ರೆ ಇಳಿಸಿ, ಮಧ್ಯದಲ್ಲಿ ಬದಲಾಯ್ಸೋಕೆ ಒಬ್ಬರನ್ನ ಹೊರಗೆ ಇಟ್ಕೊಳ್ಳಿ, ಡಾಫಿಂಗ್ ರೂಮ್, ಅಂದ್ರೆ ಪಿಪಿಇ ತೆಗೆಯೋ ರೂಮ್ ಪಕ್ಕದಲ್ಲೇ ಒಂದು ಟಾಯ್ಲೆಟ್ ಸಿಬ್ಬಂದಿಗೆ ಅಂತ ಬೀಗ ಹಾಕಿ ಇಡಿ, ಅದ್ರಲ್ಲಿ ಪ್ಯಾಡ್, ಸೋಪು, ಬಕೆಟ್ ನೀರು ಇರ್ಲಿ. ಯಾರ್ಗೂ ಕೇಳದೇನೇ ಸಿಗೋ ಹಾಗಿರ್ಲಿ.

ಡ್ಯೂಟಿ ಲಿಸ್ಟ್ ಹಾಕುವಾಗ ನಾನು ಬಿಡದೇ ಇಟ್ಕೊಂಡಿದ್ದ ನಿಯಮಗಳು ಇವು. ನೈಟ್ ಮುಗಿಸಿದವ್ರನ್ನ ಅದೇ ಮಧ್ಯಾಹ್ನ ಕರೆಯೋ ಹಾಗಿಲ್ಲ, "ಒಂದೇ ಗಂಟೆ ಬಂದು ಹೋಗಿ" ಅಂತಾನೂ ಇಲ್ಲ. ಡಬಲ್ ಡ್ಯೂಟಿ ಯಾರೇ ಮಾಡಿದ್ರೂ ಮಾರನೇ ದಿನ ರಜೆ, ಅವ್ರೇ ಬೇಡ ಅಂದ್ರೂ ರಜೆ. ಹೊಸಬರನ್ನ ಹೊಸಬರ ಜೊತೆ ನೈಟ್‌ಗೆ ಹಾಕಂಗಿಲ್ಲ. ಗರ್ಭಿಣಿಯರು, ಶುಗರ್ ಬಿಪಿ ಇರೋ ಹಿರಿಯರು ಹೆಲ್ಪ್‌ಡೆಸ್ಕು, ಫೋನು, ಸ್ಟಾಕ್ ಕಡೆ, ಆದ್ರೆ ಕೆಲಸ ಇರ್ಲೇಬೇಕು, ಸುಮ್ನೆ ಕೂರ್ಸಿದ್ರೆ ಮಿಕ್ಕವ್ರ ಕಣ್ಣು ಕೆಂಪಾಗುತ್ತೆ. ಲಿಸ್ಟ್ ಒಂದು ವಾರ ಮುಂಚೆ ಕೈಗೆ ಸಿಗ್ಬೇಕು, ಮನೇಲಿ ಮಗು ನೋಡ್ಕೊಳ್ಳೋಕೆ ಅತ್ತೆನೋ ತಂಗಿನೋ ಕರೆಸ್ಕೊಳ್ಳೋಕೆ ಟೈಮ್ ಬೇಕಲ್ಲ. ಮತ್ತೆ ಇನ್‌ಚಾರ್ಜ್ ಹೆಸರೂ ಲಿಸ್ಟ್‌ನಲ್ಲಿ ಇರ್ಲಿ, ವಾರದ ರಜೆ ಸಮೇತ. ನೀವು ಹದಿನೈದು ದಿನ ರಜೆನೇ ತಗೊಳ್ದೆ ಕೂತ್ರೆ ಅದು ತ್ಯಾಗ ಅಂತ ಕಾಣ್ಬಹುದು, ಕೆಳಗಿನವ್ರಿಗೆ ಮಾತ್ರ ರಜೆ ಕೇಳೋಕೆ ಬಾಯಿ ಬರಲ್ಲ.

ಊಟದ ವಿಷಯದಲ್ಲಿ ಊರಿನವ್ರನ್ನ ನಂಬ್ಬಹುದು. ಮಠ, ಮಸೀದಿ, ಸಂಘ, ಹೋಟೆಲ್‌ನವ್ರು, ಕೇಳಿದ್ರೆ ಇಲ್ಲ ಅನ್ನಲ್ಲ. ಏನು ಬೇಕು ಅಂತ ಒಬ್ಬರು ಮಾತ್ರ ಹೇಳ್ಲಿ, ಇಲ್ಲಾಂದ್ರೆ ಸೋಮವಾರ ಮೂರು ಕಡೆಯಿಂದ ಪಲಾವ್, ಮಂಗಳವಾರ ಏನೂ ಇಲ್ಲ. ಮತ್ತೆ ರಾತ್ರಿ ಮೂರು ಗಂಟೆಗೆ ತಿನ್ನೋಕೆ ಏನಾದ್ರೂ ಇರ್ಬೇಕು, ಚಕ್ಕುಲಿನೋ ಬಾಳೆಹಣ್ಣೋ.

ಹೆಜ್ಜೆ 5: ಭಯವನ್ನ ಸೋಮಾರಿತನ ಅಂತ ಓದ್ಬೇಡಿ

ಯಾರೋ ಡ್ಯೂಟಿಗೆ ಬರಲ್ಲ ಅಂದ್ರು ಅಂದ್ಕೊಳ್ಳಿ. ಶೋಕಾಸ್ ನೋಟಿಸ್ ಟೈಪ್ ಮಾಡ್ಸೋ ಮುಂಚೆ ಕಾರಣ ಕೇಳಿ. 2018ರಲ್ಲಿ ಪಕ್ಕದ ಕೇರಳದಲ್ಲಿ ನಿಫಾ ಬಂದಾಗ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ರೋಗಿಯ ಆರೈಕೆ ಮಾಡಿ ತಾವೇ ತೀರ್ಕೊಂಡ್ರು, ಇಬ್ಬರು ಚಿಕ್ಕ ಮಕ್ಕಳು. ಆ ಸುದ್ದಿ ಓದದ ಸಿಸ್ಟರ್ ನಮ್ಮಲ್ಲಿ ಇಲ್ಲ. 2020ರಲ್ಲಿ ಬಾಡಿಗೆ ಮನೆ ಓನರ್‌ಗಳು ನರ್ಸ್‌ಗಳನ್ನ ಖಾಲಿ ಮಾಡಿ ಅಂದಿದ್ದೂ ನೆನಪಿದೆ. ಆಶಾ ಕಾರ್ಯಕರ್ತೆಯರು ಸರ್ವೇಗೆ ಹೋದಾಗ ಬೆಂಗಳೂರಲ್ಲೇ ಹಲ್ಲೆ ಆಯ್ತು. ಭಯಕ್ಕೆ ಕಾರಣ ಇದೆ.

ಏನು ಮಾಡ್ಬೇಕು ಅಂದ್ರೆ, ಭಯಕ್ಕೆ ಮಾತಿಂದ ಉತ್ತರ ಕೊಡ್ಬೇಡಿ, ವಸ್ತುವಿಂದ ಕೊಡಿ. ಎನ್95 ಸ್ಟಾಕ್ ಎಷ್ಟಿದೆ ಅಂತ ಬೋರ್ಡಲ್ಲಿ ಎಲ್ಲರಿಗೂ ಕಾಣ್ಲಿ, ಬೀರುವಿನಲ್ಲಿ ಬಚ್ಚಿಡೋ ಚಟ ಬೇಡ, ಬಚ್ಚಿಟ್ಟಷ್ಟೂ ಜನ ಎರಡೆರಡು ಎತ್ಕೊಂಡು ಬ್ಯಾಗಿಗೆ ಹಾಕ್ತಾರೆ. ಪಿಪಿಇ ಹಾಕೋವಾಗ ತೆಗೆಯೋವಾಗ ಜೋಡಿ ಇರ್ಲಿ, ಒಬ್ಬರು ಮಾಡ್ತಾರೆ ಇನ್ನೊಬ್ಬರು ನೋಡ್ತಾರೆ, ತೆಗೆಯೋವಾಗ್ಲೇ ಜಾಸ್ತಿ ತಪ್ಪಾಗೋದು. ಹಾಸ್ಟೆಲ್ಲೋ ಲಾಡ್ಜೋ ನಾಲ್ಕು ರೂಮ್ ಕೇಳಿ ಇಟ್ಕೊಳ್ಳಿ, ಮನೆಗೆ ಹೋಗೋಕೆ ಮನಸ್ಸಿಲ್ಲದವ್ರಿಗೆ. ಓನರ್ ತೊಂದ್ರೆ ಕೊಟ್ರೆ ಸಿಸ್ಟರ್ ಒಬ್ಬರೇ ಹೋಗಿ ಜಗಳ ಆಡೋದಲ್ಲ, ಆಸ್ಪತ್ರೆ ಕಡೆಯಿಂದ ಫೋನ್ ಹೋಗ್ಬೇಕು. ಮತ್ತೆ ಮೊದಲ ದಿನ ಮೊದಲ ರೌಂಡ್ಸ್‌ಗೆ ಇನ್‌ಚಾರ್ಜ್ ಡಾಕ್ಟರೇ ಒಳಗೆ ಹೋಗ್ಬೇಕು. ಗ್ಲಾಸ್ ಆಚೆಯಿಂದ ಕೈ ತೋರ್ಸಿ ಆರ್ಡರ್ ಕೊಡೋರ ಮಾತಿಗೆ ಬೆಲೆ ಇರಲ್ಲ, ಅದು ಎಷ್ಟೇ ಸರಿಯಾದ ಆರ್ಡರ್ ಆಗಿರ್ಲಿ.

ಮಲೆನಾಡು ಕಡೆ ಪಿಹೆಚ್‌ಸಿಲಿ ಇರೋರಿಗೆ ಬೇರೆ ತರ. ಮಂಗನ ಕಾಯಿಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಸಿಕ್ಕಿದ್ದು, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜೋರಾಯ್ತು. ಅಲ್ಲೆಲ್ಲಾ ಟೀಮ್ ಅಂದ್ರೆ ಬೆರಳೆಣಿಕೆ ಜನ, ಆಶಾಗಳೇ ಕಾಡಂಚಿನ ಮನೆಮನೆಗೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಎಣ್ಣೆ ಹಂಚ್ಕೊಂಡು ಹೋಗೋರು. ಉಣುಗು ಕಚ್ಚೋದು ಅವ್ರಿಗೂ ತಾನೆ? ಊರಿಗೆ ಹಂಚೋ ಡೆಪಾ ಎಣ್ಣೆ ಮೊದಲು ಅವ್ರ ಕೈಕಾಲಿಗೆ, ಆಮೇಲೆ ಊರಿಗೆ.

ಹೆಜ್ಜೆ 6: ರೋಗಿ ಕಡೆಯವ್ರ ಜೊತೆ ಒಂದೇ ಬಾಯಿ

ಗಲಾಟೆ ಆಗೋದು ಸಾವಿಗಲ್ಲ, ಸುದ್ದಿ ಗೊತ್ತಾಗದೇ ಇರೋದಕ್ಕೆ. ಇದು ನನ್ನ ಗಟ್ಟಿ ಅಭಿಪ್ರಾಯ. ಒಳಗೆ ಬಿಡಲ್ಲ, ಫೋನ್ ಎತ್ತಲ್ಲ, ಒಬ್ಬರು "ಚೆನ್ನಾಗಿದಾರೆ" ಅಂದ್ರು, ಇನ್ನೊಬ್ಬರು ಮಧ್ಯಾಹ್ನ "ಸೀರಿಯಸ್" ಅಂದ್ರು, ಸಾಯಂಕಾಲ ಬಾಡಿ ತಗೊಂಡು ಹೋಗಿ ಅಂದ್ರೆ ಯಾರಿಗೆ ತಾನೆ ರೊಚ್ಚಿಗೇಳಲ್ಲ. ಒಂದು ಶಿಫ್ಟ್‌ಗೆ ಒಬ್ಬರು, ಅವ್ರ ಕೆಲಸ ಇದೇ: ಪ್ರತಿ ರೋಗಿಯ ಮನೆಯವ್ರಿಗೆ ದಿನಕ್ಕೊಂದು ಸಲ ನಾವೇ ಫೋನ್ ಮಾಡೋದು. ಅವ್ರು ಮಾಡೋಕೆ ಮುಂಚೆ ನಾವು. ಆಯುಷ್ ಡಾಕ್ಟರ್, ಆಪ್ತ ಸಮಾಲೋಚಕರು, ಹೆಲ್ಪ್‌ಡೆಸ್ಕ್ ಕಡೆ ಹಾಕಿದ ಹಿರಿಯ ಸಿಸ್ಟರ್ ಇದಕ್ಕೆ ಸರಿ.

ಮಾತು ಹೀಗಿರ್ಲಿ: "ನಿಮ್ಮ ತಂದೆಯವ್ರಿಗೆ ಬೆಳಿಗ್ಗೆಯಿಂದ ಉಸಿರಾಟದ ತೊಂದ್ರೆ ಜಾಸ್ತಿ ಆಗಿದೆ, ಆಕ್ಸಿಜನ್ ಹೆಚ್ಚು ಮಾಡಿದೀವಿ, ಇವತ್ತು ರಾತ್ರಿ ಕಷ್ಟ ಇದೆ, ಸಂಜೆ 5 ಗಂಟೆಗೆ ನಾನೇ ಮತ್ತೆ ಫೋನ್ ಮಾಡ್ತೀನಿ." ಮತ್ತೆ 5 ಗಂಟೆಗೆ ಮಾಡ್ಲೇಬೇಕು, ಹೇಳೋಕೆ ಹೊಸದೇನೂ ಇಲ್ದಿದ್ರೂ. ಸಾವಿನ ಸುದ್ದಿ ಹೇಳುವಾಗ "ಪ್ರಯತ್ನ ಮಾಡ್ತಿದೀವಿ" ಅಂತ ಎಳೀಬೇಡಿ. ಕೂರ್ಸಿ, ಸಂಬಂಧ ಹಿಡಿದು ಕರೆದು, "ಅಮ್ಮ, ನಿಮ್ಮ ಯಜಮಾನ್ರು ತೀರ್ಕೊಂಡ್ರು" ಅಂತ ಒಂದೇ ಸಾಲು, ಆಮೇಲೆ ಸುಮ್ನಿರಿ. ಫಾರ್ಮಿಗೆ ಸಹಿ ಕೇಳೋದು ಹತ್ತು ನಿಮಿಷ ಆದ್ಮೇಲೂ ಆಗುತ್ತೆ.

ಇಷ್ಟಾದ್ಮೇಲೂ ಕೈ ಮಾಡೋರು ಮಾಡ್ತಾರೆ. ಕರ್ನಾಟಕದಲ್ಲಿ 2009ರಿಂದಲೇ ವೈದ್ಯಕೀಯ ಸಿಬ್ಬಂದಿ ಮೇಲೆ ಹಲ್ಲೆ ತಡೆಯೋ ಕಾಯ್ದೆ ಇದೆ, ಜೈಲು, ದಂಡ. ಆದ್ರೆ ದೂರು ಕೊಡೋದು ಆಸ್ಪತ್ರೆ ಆಗ್ಬೇಕು, ಏಟು ತಿಂದ ಸಿಸ್ಟರ್ ಒಬ್ಬರೇ ಸ್ಟೇಷನ್ ಬೆಂಚಲ್ಲಿ ಕೂರೋದಲ್ಲ. ಇನ್‌ಚಾರ್ಜ್ ಜೊತೆಗೆ ಹೋಗಿ. ಆವತ್ತು ನೀವು ಹೋದ್ರಾ ಇಲ್ವಾ ಅನ್ನೋದನ್ನ ಟೀಮ್ ರಿಟೈರ್ ಆಗೋವರೆಗೂ ನೆನಪಿಟ್ಕೊಳ್ಳುತ್ತೆ.

ಹೆಜ್ಜೆ 7: ಕಷ್ಟದ ತೀರ್ಮಾನ ಒಬ್ಬರ ತಲೆ ಮೇಲೆ ಹಾಕ್ಬೇಡಿ

ಒಂದೇ ಬೆಡ್ ಇದೆ, ಮೂರು ಜನ ಹೊರಗಿದಾರೆ. ರಾತ್ರಿ ಡ್ಯೂಟಿ ಡಾಕ್ಟರ್ ಹೋದ ವರ್ಷ ಎಂಬಿಬಿಎಸ್ ಮುಗ್ಸಿ ಬಂದ ಹುಡುಗಿ. ಆಕೆ ಒಬ್ಬಳೇ ಆರಿಸೋ ಹಾಗೆ ಬಿಡೋದು ಅನ್ಯಾಯ. ಮೊದ್ಲೇ ಕೂತು ಬರೆದಿಡಿ: ಯಾರು ಕೆಂಪು (ತಕ್ಷಣ ನೋಡ್ಬೇಕು), ಯಾರು ಹಳದಿ (ಸ್ವಲ್ಪ ಕಾಯಬಹುದು), ಯಾರು ಹಸಿರು (ತುರ್ತಿಲ್ಲ), ಯಾವ ಲಕ್ಷಣಕ್ಕೆ ಯಾವ ಬಣ್ಣ. ಇಬ್ಬರು ಸೇರಿ ತೀರ್ಮಾನ, ಒಬ್ಬರು ಫೋನಲ್ಲಿದ್ರೂ ಸರಿ, ಇಬ್ಬರ ಸಹಿ. ಎಂಎಲ್‌ಎ ಕಡೆಯಿಂದ ಫೋನ್ ಬಂದ್ರೆ ಆ ಫೋನ್ ಇನ್‌ಚಾರ್ಜ್‌ಗೇ ಬರ್ಬೇಕು, ಡ್ಯೂಟಿ ಡಾಕ್ಟರ್‌ಗಲ್ಲ. "ಸರ್ ಹತ್ರ ಮಾತಾಡಿ" ಅನ್ನೋ ಒಂದು ಮಾತು ಹೇಳೋಕೆ ಅವ್ರಿಗೆ ಹಕ್ಕು ಕೊಟ್ಬಿಡಿ.

ಹೆಜ್ಜೆ 8: ಮನಸ್ಸು ಕುಸೀತಿರೋದು ಗುರುತಿಸೋದು

ಯಾರೂ ಬಂದು "ನಂಗೆ ಡಿಪ್ರೆಷನ್" ಅಂತ ಹೇಳಲ್ಲ. ಕಾಣ್ಸೋದು ಬೇರೆ ತರ: ಸಣ್ಣದಕ್ಕೆ ಜಗಳ, ಯಾವಾಗ್ಲೂ ಜೋಕ್ ಮಾಡೋರು ಸುಮ್ನಾಗೋದು, ಚಾರ್ಟ್‌ನಲ್ಲಿ ನಿನ್ನೆ ತಾರೀಖು, ಡ್ಯೂಟಿ ಮುಗಿದ್ರೂ ಮನೆಗೆ ಹೋಗದೆ ಸೈಕಲ್ ಸ್ಟ್ಯಾಂಡ್ ಹತ್ರ ಕೂತಿರೋದು. ಕಂಡಾಗ ಪಕ್ಕದಲ್ಲಿ ಕೂತು ಟೀ ತರ್ಸಿ. ವಿಶ್ವ ಆರೋಗ್ಯ ಸಂಸ್ಥೆಯವ್ರ ಮಾನಸಿಕ ಪ್ರಥಮ ಚಿಕಿತ್ಸೆಲಿ ಇರೋದೂ ಇಷ್ಟೇ: ನೋಡಿ, ಕೇಳಿಸ್ಕೊಳ್ಳಿ, ಬೇಕಾದ ಕಡೆ ತಲುಪಿಸಿ. ಸಾವಾದ ಮಾರನೇ ದಿನ ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರ್ಸಿ "ನಿಮ್ಮ ಭಾವನೆ ಹೇಳಿ" ಅಂತ ಬಲವಂತ ಮಾಡೋದು ಮಾತ್ರ ಬೇಡ, ಅದ್ರಿಂದ ಒಳ್ಳೇದಾಗಲ್ಲ ಅಂತ ಅವ್ರೇ ಹೇಳ್ತಾರೆ. ಮಾತಾಡೋಕೆ ಇಷ್ಟ ಇರೋರು ಮಾತಾಡ್ಲಿ, ಇಲ್ಲದವ್ರು ಕೆಲಸ ಮಾಡ್ಲಿ. ಟೆಲಿ ಮಾನಸ್ 14416, ಕನ್ನಡದಲ್ಲೂ ಸಿಗುತ್ತೆ, ದಿನದ 24 ಗಂಟೆ, ದುಡ್ಡಿಲ್ಲ. ನಂಬರನ್ನ ನೋಟಿಸ್ ಬೋರ್ಡಲ್ಲಿ ಬೇಡ, ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ, ಯಾರೂ ನೋಡ್ತಿಲ್ಲ ಅಂತ ಗ್ಯಾರಂಟಿ ಇದ್ರೆ ಫೋನಲ್ಲಿ ಸೇವ್ ಮಾಡ್ಕೋತಾರೆ.

ಹೆಜ್ಜೆ 9: ಸಂಬಳದ ಫೈಲ್ ಹಿಂದೆ ಬೀಳಿ

2020ರ ಮಾರ್ಚ್ 22ಕ್ಕೆ ದೇಶ ಪೂರ್ತಿ ಚಪ್ಪಾಳೆ ತಟ್ತು. ಅದೇ ವರ್ಷ ಜುಲೈನಲ್ಲಿ ಕರ್ನಾಟಕದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಮಾಸ್ಕ್ ಕೊಡಿ ಅಂತ ಕೆಲಸ ನಿಲ್ಲಿಸಿದ್ರು. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಿ. ನಿಮ್ಮ ಟೀಮ್‌ನಲ್ಲಿ ಪರ್ಮನೆಂಟ್ ಇರೋರು ಕೆಲವರು, ಮಿಕ್ಕವ್ರು ಎನ್‌ಹೆಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ, ಹೊರಗುತ್ತಿಗೆ ಏಜೆನ್ಸಿ, ಗೌರವಧನ. ಒಂದೇ ವಾರ್ಡು, ಒಂದೇ ಅಪಾಯ, ಪಗಾರ ಬೇರೆ ಬೇರೆ. ಪಗಾರ ಜಾಸ್ತಿ ಮಾಡೋದು ನಿಮ್ಮ ಕೈಲಿಲ್ಲ, ಆದ್ರೆ ಟೈಮಿಗೆ ಬರೋ ಹಾಗೆ ಮಾಡೋಕೆ ಆಗುತ್ತೆ: ಹಾಜರಾತಿ ಶೀಟು ತಿಂಗಳ ಕೊನೇ ದಿನನೇ ಕಳ್ಸೋದು, ಏಜೆನ್ಸಿ ಬಿಲ್ ಎಲ್ಲಿ ಕೂತಿದೆ ಅಂತ ಕೇಸ್ ವರ್ಕರ್‌ಗೆ ವಾರಕ್ಕೊಂದು ಫೋನು. ಇನ್ಶೂರೆನ್ಸ್ ಕಾಗದನೂ ಹಾಗೇ. ಕೋವಿಡ್ ಟೈಮಲ್ಲಿ ಕೇಂದ್ರದ 50 ಲಕ್ಷದ ವಿಮೆ ಇತ್ತು, ಅದಕ್ಕೆ ಆ ವ್ಯಕ್ತಿ ಕೋವಿಡ್ ಡ್ಯೂಟಿಲಿದ್ರು ಅನ್ನೋ ದಾಖಲೆ ಬೇಕಿತ್ತು. ಹಾಗಾಗಿ ಡ್ಯೂಟಿ ಆರ್ಡರ್ ಬಾಯಿಮಾತಲ್ಲಿ ಬೇಡ, ಹೊರಗುತ್ತಿಗೆಯವ್ರಿಗೂ ಬರೆದು ಕೊಡಿ, ಒಂದು ಕಾಪಿ ಫೈಲಲ್ಲಿ. ಯಾರಿಗಾದ್ರೂ ಏನಾದ್ರೂ ಆದ್ರೆ ಅವ್ರ ಮನೆಯವ್ರು ಆ ಒಂದು ಹಾಳೆಗೋಸ್ಕರ ಆಫೀಸಿಂದ ಆಫೀಸಿಗೆ ಅಲೀಬಾರ್ದು.

ಹೆಜ್ಜೆ 10: ಮುಗಿದ ಮೇಲೆ

ಕೇಸ್ ಇಳಿದ ತಕ್ಷಣ ಎಲ್ಲರೂ ಬಾಕಿ ಇರೋ ಲಸಿಕೆ ಟಾರ್ಗೆಟ್ಟು, ಎನ್‌ಸಿಡಿ (ಬಿಪಿ, ಶುಗರ್ ತರದ ಕಾಯಿಲೆ) ರಿಪೋರ್ಟು ಅಂತ ಓಡ್ತಾರೆ. ಅದಕ್ಕೆ ಮುಂಚೆ ರಜೆ. ಸರದಿ ಪ್ರಕಾರ, ಜಾಸ್ತಿ ನೈಟ್ ಮಾಡಿದವ್ರಿಗೆ ಮೊದಲು, ಇನ್‌ಚಾರ್ಜ್‌ಗೆ ಇಷ್ಟ ಇರೋರಿಗೆ ಮೊದಲು ಅಲ್ಲ.

ಎರಡು ವಾರದೊಳಗೆ ಒಂದು ಮಧ್ಯಾಹ್ನ ಎಲ್ಲರೂ ಕೂರಿ, ಈ ಸಲ ಕುರ್ಚಿ ಹಾಕಿ, ಟೀನೂ ತರ್ಸಿ. ಏನಾಗ್ಬೇಕಿತ್ತು, ಏನಾಯ್ತು, ಯಾಕೆ ವ್ಯತ್ಯಾಸ, ಮುಂದಿನ ಸಲ ಏನು. ಯಾರ ಹೆಸರೂ ಹೇಳೋ ಹಾಗಿಲ್ಲ, "ಸಿಲಿಂಡರ್ ಬದಲಾಯ್ಸೋದು ತಡ ಆಯ್ತು" ಅನ್ನಬಹುದು, "ಇವ್ರು ತಡ ಮಾಡಿದ್ರು" ಅನ್ನಂಗಿಲ್ಲ. ಬರೋ ಉತ್ತರಗಳು ಬಹಳ ಸಣ್ಣವಿರ್ತವೆ. ಸ್ಪ್ಯಾನರ್ ಒಂದೇ ಇತ್ತು, ಸಿಲಿಂಡರ್‌ಗಳನ್ನ ಪೈಪ್‌ಗೆ ಜೋಡಿಸೋ ಮ್ಯಾನಿಫೋಲ್ಡ್ ರೂಮಲ್ಲಿ ರಾತ್ರಿ ಲೈಟ್ ಇರ್ಲಿಲ್ಲ, 108 ಡ್ರೈವರ್‌ಗೆ ಹಿಂದಿನ ಗೇಟ್ ಗೊತ್ತಿರ್ಲಿಲ್ಲ. ಇವೆಲ್ಲಾ ಆಸ್ಪತ್ರೆಯದ್ದೇ ಆರೋಗ್ಯ ರಕ್ಷಾ ಸಮಿತಿ ದುಡ್ಡಲ್ಲಿ ಸರಿಹೋಗೋ ವಿಷಯ, ಬೆಂಗಳೂರಿಗೆ ಪತ್ರ ಬರೀಬೇಕಾಗಿಲ್ಲ. ಪ್ರತಿ ಐಟಮ್ ಮುಂದೆ ಒಬ್ಬರ ಹೆಸರು, ಒಂದು ತಾರೀಖು.

ಆಮೇಲೆ ಕ್ಯಾಲೆಂಡರ್ ತೆಗೆದು ಮುಂದಿನದ್ದು ಗುರುತು ಹಾಕಿ. ಡೆಂಗ್ಯೂಗೆ ಮೇ ತಿಂಗಳ ಮೊದಲ ವಾರ ಸ್ಟಾಕ್ ಚೆಕ್, ಮಲೆನಾಡಿನವ್ರು ಮಂಗನ ಕಾಯಿಲೆಗೆ ನವೆಂಬರ್. ವರ್ಷಕ್ಕೆರಡು ಸಲ ಡ್ರಿಲ್, ಅದ್ರಲ್ಲಿ ಒಂದು ರಾತ್ರಿ ಪಾಳಿಲೇ ಆಗ್ಬೇಕು, ಹಗಲು ಹೊತ್ತಲ್ಲಿ ಎಲ್ಲಾ ಡಾಕ್ಟರು ಇರುವಾಗ ಮಾಡೋ ಡ್ರಿಲ್ ಫೋಟೋಗೆ ಮಾತ್ರ. ಇನ್‌ಚಾರ್ಜ್ ಟ್ರಾನ್ಸ್‌ಫರ್ ಆದ್ರೆ ಚಾರ್ಜ್ ಹ್ಯಾಂಡೋವರ್ ಮಾಡುವಾಗ ಬೀರು ಕೀ, ಕ್ಯಾಶ್ ಬುಕ್ ಜೊತೆಗೆ ಈ ಲಿಸ್ಟೂ ಕೈಬದಲಾಗ್ಲಿ, ತಗೊಂಡವ್ರ ಸಹಿ ಸಮೇತ.